ಸೆನ್ಸರ್ ಹೊಸದು, ಗಾಡಿ ಮತ್ತೆ ಬಂದ್: ಸ್ಕೋಪ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ: ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಒಂದು ಡೀಸೆಲ್ ಕಾರು ಎಂಜಿನ್ ಕಾದ ಮೇಲೆ ನಡುದಾರಿಯಲ್ಲೇ ಬಂದ್ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಸ್ಕ್ಯಾನರ್ ಕ್ರ್ಯಾಂಕ್ ಸೆನ್ಸರ್ (ಎಂಜಿನ್ನಿನ ಮುಖ್ಯ ದಂಡ ತಿರುಗುವುದನ್ನು ಗುರುತಿಸುವ ಸೆನ್ಸರ್) ಕೋಡ್ ತೋರಿಸಿತು. ಅದು ಎರಡು ವೈರಿನ ಕಾಯಿಲ್ ಸೆನ್ಸರ್. ಬದಲಿಸಿದೆ, ಆದರೂ ಅದೇ ಕಥೆ. ಈಗ ಎರಡು ಚಾನೆಲ್ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ) ಕೊಂಡಿದ್ದೇನೆ. ಅಲೆ ಕಾಣುತ್ತದೆ, ಓದೋದು ಹೇಗೆ?

ಉತ್ತರ: ಸ್ಕ್ಯಾನರ್ ಹೇಳಿದ್ದು ಇಷ್ಟೇ: ಕ್ರ್ಯಾಂಕ್ ಸೆನ್ಸರ್ ಕಡೆಯಿಂದ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ. ಸೆನ್ಸರ್ರೇ ಕೆಟ್ಟಿದೆ ಎಂದು ಅದು ಹೇಳಿಲ್ಲ. ಸಿಗ್ನಲ್ ಎಲ್ಲಿ ತುಂಡಾಯಿತು ಎಂದು ಹುಡುಕುವುದಕ್ಕೇ ಸ್ಕೋಪ್ ಬೇಕು.

ಟೈಮ್ ಪರದೆಯ ಒಂದು ಮನೆಗೆ (ಚೌಕಕ್ಕೆ) 10 ಮಿಲಿಸೆಕೆಂಡ್ ಇಡಿ. ಐಡಲ್‌ನಲ್ಲಿ 800 ಆರ್‌ಪಿಎಂ ಇದ್ದರೆ ಕ್ರ್ಯಾಂಕ್ ಒಂದು ಸುತ್ತು ಬರಲು 75 ಮಿಲಿಸೆಕೆಂಡ್ ಬೇಕು. ಹತ್ತು ಮನೆಯ ಪರದೆಯಲ್ಲಿ ಪೂರ್ತಿ ಒಂದು ಸುತ್ತು ಕಾಣುತ್ತದೆ. ಕ್ರ್ಯಾಂಕ್ ಜೊತೆ ಒಂದು ಹಲ್ಲಿನ ರಿಂಗ್ ತಿರುಗುತ್ತದೆ, ಪ್ರತಿ ಹಲ್ಲು ಸೆನ್ಸರ್ ಮುಂದೆ ಹಾದಾಗ ಒಂದು ಅಲೆ ಏಳುತ್ತದೆ. ಬಹಳಷ್ಟು ಎಂಜಿನ್‌ಗಳ ರಿಂಗ್‌ನಲ್ಲಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು ಇರುತ್ತವೆ. ಎರಡು ಹಲ್ಲಿಲ್ಲದ ಜಾಗದಲ್ಲಿ ಅಲೆಗೆ ಒಂದು ಅಗಲ ಸಂದು ಬೀಳುತ್ತದೆ. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕ್ರ್ಯಾಂಕ್ ಎಲ್ಲಿದೆ ಎಂದು ಗುರುತು ಹಿಡಿಯೋದು ಆ ಸಂದಿನಿಂದಲೇ.

ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಒಂದು ಅಲೆ ಗಿಡ್ಡ ಬಂದರೆ ಹಲ್ಲಿಗೆ ಪೆಟ್ಟಾಗಿದೆ. ಅಲೆಗಳ ಎತ್ತರ ಸುತ್ತಿಗೊಮ್ಮೆ ನಿಧಾನ ಏರಿ ಇಳಿದರೆ ರಿಂಗ್ ಸೊಟ್ಟ ಓಡುತ್ತಿದೆ. ಎಲ್ಲವೂ ಗಿಡ್ಡವಾದರೆ ಸೆನ್ಸರಿಗೂ ಹಲ್ಲಿಗೂ ಅಂತರ ಜಾಸ್ತಿ ಆಗಿರಬಹುದು, ಇಲ್ಲವೇ ಮೂತಿಗೆ ಕಬ್ಬಿಣದ ಪುಡಿ ಮೆತ್ತಿರಬಹುದು.

ಆದರೆ ನಿಮ್ಮ ಗಾಡಿಗೆ ಮುಖ್ಯವಾದದ್ದು ಬಂದ್ ಬೀಳುವ ಆ ಒಂದು ಕ್ಷಣ. ಎಂಜಿನ್ ಕಾಯುವವರೆಗೆ ಓಡಿಸಿ, ಸ್ಕೋಪ್ ರೆಕಾರ್ಡ್ ಮಾಡುತ್ತಿರಲಿ. ನಿಂತ ಮೇಲೆ ಹಿಂದಕ್ಕೆ ಸರಿಸಿ ನೋಡಿ. ಅಲೆ ಅಗಲವಾಗುತ್ತಾ, ಗಿಡ್ಡವಾಗುತ್ತಾ, ಮೆಲ್ಲಗೆ ಸತ್ತಿದ್ದರೆ ಎಂಜಿನ್ ನಿಂತದ್ದಕ್ಕೆ ಅಲೆ ನಿಂತಿದೆ. ಆಗ ಡೀಸೆಲ್ ಕಡೆ ಹುಡುಕಿ. ಪೂರ್ತಿ ಎತ್ತರದಲ್ಲಿದ್ದ ಅಲೆ ಕತ್ತರಿಸಿದ ಹಾಗೆ ಮಾಯವಾಗಿದ್ದರೆ ಸಿಗ್ನಲ್ ಮೊದಲು ಹೋಗಿದೆ, ಎಂಜಿನ್ ಅದರ ಹಿಂದೆ ನಿಂತಿದೆ. ಈ ವ್ಯತ್ಯಾಸ ಒಂದನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ, ಎಷ್ಟೋ ಗಿರಾಕಿಗಳ ದುಡ್ಡು ಉಳಿಯುತ್ತದೆ.

ಎರಡನೆಯದಾದರೆ ಒಂದು ಚಾನೆಲ್ ಸೆನ್ಸರ್ ಕನೆಕ್ಟರಿಗೆ, ಇನ್ನೊಂದು ಅದೇ ವೈರಿನ ಇಸಿಯು ತುದಿಗೆ ಹಚ್ಚಿ. ಎರಡರ ಗ್ರೌಂಡ್ ಕ್ಲಿಪ್ಪೂ ಬ್ಯಾಟರಿ ಮೈನಸ್‌ಗೆ. ಆ ವೈರಿನಲ್ಲಿ ಅಲೆಯೇ ಬಾರದಿದ್ದರೆ ಪಕ್ಕದ ವೈರ್ ಹಿಡಿಯಿರಿ. ವೈರ್ ಚುಚ್ಚಬೇಡಿ, ಕನೆಕ್ಟರ್ ಹಿಂಬದಿಯಿಂದ ಸಣ್ಣ ಪಿನ್ ಹಾಕಿ. ಸೆನ್ಸರ್ ತುದಿಯಲ್ಲಿ ಅಲೆ ಇದ್ದು ಇಸಿಯು ತುದಿಯಲ್ಲಿ ಇಲ್ಲವಾದರೆ ನಡುವಿನ ವೈರ್ ತುಂಡು. ಎರಡೂ ಕಡೆ ಒಟ್ಟಿಗೆ ಹೋದರೆ ಹೊಸ ಸೆನ್ಸರನ್ನು ಕೂಡಲೇ ಬೈಯಬೇಡಿ, ವೈರ್ ಗಾಡಿಯ ಲೋಹದ ಮೈಗೆ ತಗಲುತ್ತಿರಬಹುದು.

ಮುಧೋಳ ಕಡೆಯಿಂದ ಬಂದ ಒಂದು ಗಾಡಿಯಲ್ಲಿ ನಾನು ಕಂಡದ್ದು ಅದೇ. ಕಬ್ಬಿನ ಹೊಲದ ದಾರಿಯಲ್ಲಿ ಕುಲುಕಿ ಕುಲುಕಿ ವೈರಿಂಗ್ ಒಂದು ಬ್ರ್ಯಾಕೆಟ್ಟಿಗೆ ಉಜ್ಜಿತ್ತು. ಕಡಲೆಕಾಳಿನಷ್ಟು ಜಾಗದಲ್ಲಿ ತಾಮ್ರ ಹೊಳೆಯುತ್ತಿತ್ತು. ಎಂಜಿನ್ ಓಡುತ್ತಿರುವಾಗ ಬೆರಳಿನಿಂದ ಅಲ್ಲಿ ಸುಮ್ನೆ ಒತ್ತಿದೆ. ಪರದೆಯ ಮೇಲೆ ಅಲೆ ಮಲಗಿತು, ಎಂಜಿನ್ ನಿಂತಿತು. ನೀವೂ ಹಾಗೇ ಗೇಣು ಗೇಣಾಗಿ ಅಲುಗಾಡಿಸಿ ನೋಡಿ. ಫ್ಯಾನ್, ಬೆಲ್ಟಿನಿಂದ ಕೈ ದೂರ ಇರಲಿ.

ಪ್ರಶ್ನೆ: ಇಂಧನ ಸಿಂಪಡಿಸುವ ಇಂಜೆಕ್ಟರಿನ ವೈರಿಗೂ ಸ್ಕೋಪಿನ ಇದೇ ಪ್ರೋಬ್ ಹಚ್ಚಬಹುದೇ? (ವಿಜಯಪುರದ ಐಟಿಐ ವಿದ್ಯಾರ್ಥಿ)

ಉತ್ತರ: ನೇರವಾಗಿ ಬೇಡ. ಪೆಟ್ರೋಲ್ ಇಂಜೆಕ್ಟರ್ ಆಫ್ ಆಗುವಾಗ 60ರಿಂದ 80 ವೋಲ್ಟ್ ತನಕ ಚಿಮ್ಮುತ್ತದೆ. 10ಕ್ಕೆ 1 ಅಟೆನ್ಯುಯೇಟರ್ (ವೋಲ್ಟೇಜನ್ನು ಹತ್ತನೇ ಒಂದು ಪಾಲಿಗೆ ಇಳಿಸುವ ಜೋಡಣೆ) ಹಾಕಿ. ಕಾಮನ್ ರೈಲ್ ಡೀಸೆಲ್ ಆದರೆ ವೈರ್ ಮುಟ್ಟಲೇಬೇಡಿ, ವೈರಿನ ಸುತ್ತ ಹೊರಗಿನಿಂದ ಕಚ್ಚಿಸುವ ಕರೆಂಟ್ ಕ್ಲ್ಯಾಂಪ್ ಸಾಕು. ಪೆಟ್ರೋಲಿನದರಲ್ಲಿ ಚಿಮ್ಮಿದ ಅಲೆ ಇಳಿಯುವಾಗ ಸಾಮಾನ್ಯವಾಗಿ ಒಂದು ಸಣ್ಣ ಉಬ್ಬು ಕಾಣುತ್ತದೆ, ಇಂಜೆಕ್ಟರ್ ಒಳಗಿನ ಸೂಜಿ ವಾಪಸ್ ಕೂರುವ ಗುರುತು ಅದು. ಮೂರು ಇಂಜೆಕ್ಟರಲ್ಲಿ ಉಬ್ಬು ಇದ್ದು ನಾಲ್ಕನೆಯದರಲ್ಲಿ ಇಲ್ಲವೆಂದರೆ ಅದನ್ನು ಬಿಚ್ಚಿ, ಸೂಜಿ ಅಂಟಿಕೊಂಡಿದೆಯೇ ನೋಡಿ.