250 ಗ್ರಾಂ ಒಳಗಿನ ಡ್ರೋನ್ ತಗೊಂಡರೆ ಸರ್ಟಿಫಿಕೇಟೂ ಬೇಡ, ಪ್ರೈವೆಸಿ ಗೊಡವೆಯೂ ಇಲ್ಲ, ಹೌದಾ?

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯವರು ಎಂದು ಬರೆದಿದ್ದೀರಿ. ತೋಟದ ನಕ್ಷೆ, ಮದುವೆ ವಿಡಿಯೋ ಎರಡನ್ನೂ ಮಾಡುವ ಯೋಚನೆ. ಸಣ್ಣ ಡ್ರೋನ್ ತಗೊಂಡರೆ ಕೋರ್ಸಿನ ಖರ್ಚು ಉಳಿಯುತ್ತದೆ, ಖಾಸಗಿತನದ ಕಿರಿಕಿರಿಯೂ ಇರುವುದಿಲ್ಲ ಎಂಬ ಲೆಕ್ಕ. ನಾನೂ ನಿಮ್ಮ ಆಸುಪಾಸಿನವನೇ. ಲೆಕ್ಕದ ಮೊದಲ ಅರ್ಧ ಸರಿ. ಎರಡನೆಯ ಅರ್ಧಕ್ಕೂ ಡ್ರೋನಿನ ತೂಕಕ್ಕೂ ಸಂಬಂಧವೇ ಇಲ್ಲ. ನನ್ನ ಹತ್ತಿರ ಪೈಲಟ್ ಸರ್ಟಿಫಿಕೇಟ್ ಇತ್ತು, ಡ್ರೋನಿಗೆ ನೋಂದಣಿ ಸಂಖ್ಯೆ ಇತ್ತು, ವಿಮೆ ಇತ್ತು. ಆದರೂ ಒಂದು ಊರಿಗೆ ನಾನು ಇವತ್ತಿಗೂ ಡ್ರೋನ್ ಬ್ಯಾಗ್ ಹಾಕಿಕೊಂಡು ಹೋಗುವ ಹಾಗಿಲ್ಲ.

ನಾನು ಸ್ಟುಡಿಯೋ ಇಟ್ಟುಕೊಂಡಿದ್ದವನು. 2021ರ ಆಗಸ್ಟಿನಲ್ಲಿ ಹೊಸ ಡ್ರೋನ್ ನಿಯಮ ಬಂತು. 2022ರ ಫೆಬ್ರವರಿಯಲ್ಲಿ ಹೊರದೇಶದ ಡ್ರೋನ್ ತರಿಸುವುದನ್ನು ನಿಲ್ಲಿಸಿದರು, ಅದೇ ತಿಂಗಳು ಪೈಲಟ್ ಲೈಸೆನ್ಸ್ ರದ್ದು ಮಾಡಿ, ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ಮಾನ್ಯತೆ ಇರುವ ತರಬೇತಿ ಸಂಸ್ಥೆಯೇ ಕೊಡುವ ರಿಮೋಟ್ ಪೈಲಟ್ ಸರ್ಟಿಫಿಕೇಟ್ ತಂದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ವಯಸ್ಸು 18ರಿಂದ 65ರ ಒಳಗಿದ್ದರೆ ಸಾಕು, ಒಮ್ಮೆ ಸಿಕ್ಕರೆ ಹತ್ತು ವರ್ಷ ನಡೆಯುತ್ತದೆ. ನಾನು ಸೇರುವಾಗ ಪಾಸ್‌ಪೋರ್ಟ್ ಕೇಳುತ್ತಿದ್ದರು. ವಿಮಾನವನ್ನೇ ಹತ್ತಿರದಿಂದ ನೋಡದವನು ಡ್ರೋನ್ ಹಾರಿಸಲಿಕ್ಕೆ ಪಾಸ್‌ಪೋರ್ಟ್ ಮಾಡಿಸಿದೆ. 2023ರ ಸೆಪ್ಟೆಂಬರಿನಿಂದ ಆ ರಗಳೆ ಇಲ್ಲ, ವೋಟರ್ ಐಡಿಯೋ ಡ್ರೈವಿಂಗ್ ಲೈಸೆನ್ಸೋ ನಡೆಯುತ್ತದೆ.

ತರಬೇತಿ ಒಂದು ವಾರದೊಳಗೆ ಮುಗಿಯಿತು. ಹವೆ, ಬ್ಯಾಟರಿ, ವಾಯುಪ್ರದೇಶದ ನಿಯಮ, ಸಿಮ್ಯುಲೇಟರ್, ಕೊನೆಗೆ ಬಯಲು. ಜಿಪಿಎಸ್ ಸಹಾಯ ತೆಗೆದು ಎಂಟರ ಆಕಾರದಲ್ಲಿ ಹಾರಿಸಿ ಎಂದಾಗ ಮದುವೆಗಳಲ್ಲಿ ಹಾರಿಸಿದ ಹಮ್ಮೆಲ್ಲ ಇಳಿಯಿತು. ಡ್ರೋನಿನ ಮೂತಿ ನಮ್ಮ ಕಡೆ ತಿರುಗಿದರೆ ಎಡ ಬಲ ಅದಲುಬದಲು, ಕೈಗೆ ಅದು ಅಭ್ಯಾಸವಾಗಬೇಕು. ಇಷ್ಟಕ್ಕೇ ಕೋರ್ಸಿನ ದುಡ್ಡು ವಸೂಲಿ ಎನ್ನುತ್ತೇನೆ. ಖಾಸಗಿತನದ ಬಗ್ಗೆ? ಒಂದು ಸ್ಲೈಡ್. ‘ಜನರ ಖಾಸಗಿತನವನ್ನು ಗೌರವಿಸಿ’ ಎಂದು ಓದಿದರು, ಚಹಾಕ್ಕೆ ಬಿಟ್ಟರು.

ಈಗ ಆ ತೋಟದ ವಿಷಯ. ಅಣ್ಣತಮ್ಮಂದಿರು ಹಿಸ್ಸೆ ಆಗುವವರಿದ್ದರು. ಮೂರೆಕರೆ ಅಡಿಕೆ ತೋಟ, ಒಳಗಿನ ಮರ ಎಣಿಕೆ ಆಗಬೇಕು, ಎಲ್ಲಿ ಹಳೇ ಮರ ಎಲ್ಲಿ ಹೊಸ ಸಸಿ ಎಂದು ಮೇಲಿನಿಂದ ಕಾಣಬೇಕು, ಆಗ ಪಾಲು ಹಾಕುವುದು ಸುಲಭ. (ಡ್ರೋನ್ ನಕ್ಷೆ 11ಇ ಸ್ಕೆಚ್ಚಿನ, ಅಂದರೆ ಜಮೀನು ಭಾಗ ಮಾಡಲು ಬೇಕಾದ ಸರ್ಕಾರಿ ನಕ್ಷೆಯ, ಬದಲಿಗೆ ನಡೆಯುವುದಿಲ್ಲ. ಅದಕ್ಕೆ ಸರ್ವೆಯವರೇ ಬರಬೇಕು. ಇದನ್ನು ಗಿರಾಕಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ದುಡ್ಡು ಕೊಡುವಾಗ ಜಗಳ.) ಎಲ್ಲಿ ಹಾರಿಸಬಹುದು ಎಂದು ಬಣ್ಣದಲ್ಲಿ ತೋರಿಸುವ ಸರ್ಕಾರದ ನಕ್ಷೆಯಲ್ಲಿ ಜಾಗ ಹಸಿರು ವಲಯ, 400 ಅಡಿವರೆಗೆ ಅನುಮತಿ ಬೇಡ. ನಾನು ಹಾರಿಸಿದ್ದು ಅದರ ಅರ್ಧ, 60 ಮೀಟರಿನಲ್ಲಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ಯಾಕೆಂದರೆ ನೆರಳು ಚಿಕ್ಕದಿದ್ದರೆ ಮರದ ತಲೆ ಬಿಡಿಬಿಡಿಯಾಗಿ ಬೀಳುತ್ತದೆ.

ನಕ್ಷೆ ಮಾಡುವಾಗ ಡ್ರೋನ್ ಒಂದೇ ಫೋಟೋ ತೆಗೆಯುವುದಿಲ್ಲ. ಉಳುವ ಹಾಗೆ ಸಾಲು ಸಾಲಾಗಿ ಹೋಗಿ ನೂರಾರು ಫೋಟೋ ತೆಗೆಯುತ್ತದೆ. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನ ಫೋಟೋದಲ್ಲೂ ಇರಬೇಕು, ಪಕ್ಕದ ಸಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಗಲೇ ಸಾಫ್ಟ್‌ವೇರ್ ಹೊಲಿದು ಒಂದು ನಕ್ಷೆ ಮಾಡಲಿಕ್ಕಾಗುವುದು. ಬೇಲಿಯಲ್ಲೇ ನಿಲ್ಲಿಸಿದರೆ ಅಂಚಿನಲ್ಲಿ ಫೋಟೋ ಸಾಕಾಗದೆ ನಕ್ಷೆ ಸೊಟ್ಟಗಾಗುತ್ತದೆ. ಹಾಗಾಗಿ ಎಲ್ಲರೂ ಬೇಲಿಯಿಂದಾಚೆಗೆ ಒಂದೆರಡು ಸಾಲು ಹೆಚ್ಚಿಗೆ ಹಾಕುತ್ತಾರೆ. ನಾನೂ ಹಾಕಿದೆ. ಇದು ತಪ್ಪಲ್ಲ, ಕೆಲಸದ ರೀತಿಯೇ ಹಾಗೆ.

ತಪ್ಪು ಮನೆಗೆ ಬಂದ ಮೇಲೆ ಆಯಿತು. ನಕ್ಷೆ ತಯಾರಾಯಿತು, ಚೆನ್ನಾಗಿಯೂ ಬಂತು. ದೊಡ್ಡ ಅಣ್ಣ ಪೆನ್‌ಡ್ರೈವ್ ಕೊಟ್ಟು ‘ಎಲ್ಲಾ ಹಾಕಿ ಕೊಡಿ ಮಾರಾಯ್ರೇ’ ಎಂದರು. ನಾನು ಎಲ್ಲಾ ಹಾಕಿದೆ. ಬೇಲಿಗೆ ಕತ್ತರಿಸದ ಪೂರ್ತಿ ನಕ್ಷೆ, ಜೊತೆಗೆ ಡ್ರೋನ್ ತೆಗೆದ ಅಷ್ಟೂ ಮೂಲ ಫೋಟೋ. ಮದುವೆ ಕೆಲಸದಲ್ಲಿ ಬೆಳೆದ ಬುದ್ಧಿ ಅದು. ಮದುವೆಯಲ್ಲಿ ಒಂದು ಫೋಟೋ ಕಡಿಮೆ ಕೊಟ್ಟರೂ ಹೆಣ್ಣಿನ ಕಡೆಯವರು ಕೇಳುತ್ತಾರೆ, ಹಾಗಾಗಿ ದುಡ್ಡು ಕೊಟ್ಟವರಿಗೆ ಎಲ್ಲಾ ಕೊಡುವುದೇ ಪ್ರಾಮಾಣಿಕತೆ ಎಂದುಕೊಂಡಿದ್ದೆ. ಕತ್ತರಿಸಲು ಹತ್ತು ನಿಮಿಷ ಸಾಕಿತ್ತು. ಗಡಿಯ ಗೆರೆ ಕಂಪ್ಯೂಟರಿನಲ್ಲಿ ಇದ್ದೇ ಇತ್ತು, ಹಾರಾಟದ ಯೋಜನೆಗೆ ನಾನೇ ಹಾಕಿದ್ದೆ. ಆ ಗೆರೆಗೆ ನಕ್ಷೆ ಕತ್ತರಿಸಿ, ಫೋಟೋಗಳನ್ನು ನನ್ನಲ್ಲೇ ಇಟ್ಟುಕೊಂಡು ಆಮೇಲೆ ಅಳಿಸಿದ್ದರೆ ಈ ಉತ್ತರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅವರು ಕೇಳಿದ್ದು ಅವರ ತೋಟ. ನಾನು ಕೊಟ್ಟದ್ದು ಅವರ ತೋಟ ಮತ್ತು ಮೂರು ನೆರೆಮನೆಯ ಅಂಗಳ.

ಆ ಅಂಗಳಗಳಲ್ಲಿ ಒಂದರಲ್ಲಿ ಚಾಲಿ, ಅಂದರೆ ಬಿಸಿಲಿಗೆ ಒಣಗಿಸುವ ಅಡಿಕೆ, ಹರಡಿತ್ತು. ಕೊಯ್ಲಿನ ಕಾಲ, ಎಲ್ಲರ ಅಂಗಳದಲ್ಲೂ ಇರುತ್ತದೆ. ನಮ್ಮ ಕಡೆ ಅಡಿಕೆ ಹರಡಿದ ಅಂಗಳವೆಂದರೆ ತೆರೆದಿಟ್ಟ ಪಾಸ್‌ಬುಕ್ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯಿಂದ ಕಾಣದ ಹಾಗೆ ಮನೆ ಹಿಂದಿನ ಅಂಗಳದಲ್ಲಿ ಹಾಕಿದ್ದರು. ಆ ಯಜಮಾನರು ಮದುವೆಯಾಗಿ ಹೋದ ತಂಗಿಗೆ, ಈ ವರ್ಷ ಕೊಳೆ ರೋಗ ಬಂದು ಫಸಲು ಅರ್ಧಕ್ಕರ್ಧ ಹೋಯಿತು ಎಂದು ಹೇಳಿಕೊಂಡು ಬಂದಿದ್ದರಂತೆ. ತಂಗಿ ಪಾಲು ಕೇಳುತ್ತಿದ್ದಳು. ನನ್ನ ಗಿರಾಕಿಗೂ ಆ ಯಜಮಾನರಿಗೂ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗದ) ವಿಷಯಕ್ಕೆ ಹಳೇ ತಕರಾರು. ಫೋಟೋ ವಾಟ್ಸಾಪಿನಲ್ಲಿ ಹೊರಟಿತು, ಎರಡು ದಿನದಲ್ಲಿ ತಂಗಿಯ ಮನೆ ತಲುಪಿತು.

ಆ ತಂಗಿಯ ಪಾಲಿಗೆ ನಾನು ಉಪಕಾರಿ ಎಂದು ಕೆಲವರು ಹೇಳಿದ್ದಾರೆ. ಇರಬಹುದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ, ಆಕೆ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ತೀರ್ಮಾನಿಸಲು ಕೋರ್ಟಿದೆ. ಅಣ್ಣ ಸುಳ್ಳು ಹೇಳಿದನೋ ಇಲ್ಲವೋ ಎಂದು ಆಕಾಶದಿಂದ ತನಿಖೆ ಮಾಡಲು ನನಗೆ ಯಾರೂ ಹೇಳಿರಲಿಲ್ಲ.

ಆ ಯಜಮಾನರು ಠಾಣೆಗೆ ಹೋದರು. ನನ್ನನ್ನು ಕರೆಸಿದರು. ಸಬ್‌ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ನೋಡಿದರು, ಡ್ರೋನಿನ ನೋಂದಣಿ ನೋಡಿದರು, ವಲಯದ ನಕ್ಷೆ ನೋಡಿದರು. ‘ಎಲ್ಲಾ ಸರಿ ಉಂಟಲ್ಲ, ಯಾವ ಸೆಕ್ಷನ್ ಹಾಕಲಿ?’ ಎಂದು ಯಜಮಾನರನ್ನೇ ಕೇಳಿದರು. ಅವರು ನನ್ನ ಕಡೆ ತಿರುಗಿ, ‘ತಮ್ಮಾ, ನಾಳೆ ನಿನ್ನ ಮನೆ ಅಟ್ಟದಲ್ಲಿ ಎಷ್ಟಿದೆ ಅಂತ ನಾನು ಊರಿಗೆಲ್ಲ ತೋರಿಸಲಾ?’ ಎಂದರು. ಕೇಸು ಆಗಲಿಲ್ಲ. ಆ ಊರಿನಲ್ಲಿ ಮತ್ತೆ ಕೆಲಸವೂ ಆಗಲಿಲ್ಲ. ಮಾತು ಪಕ್ಕದ ಊರುಗಳಿಗೆ ಹೋಯಿತು, ಹತ್ತಿರದ ಒಂದು ಸಂಘದವರು ಸದಸ್ಯರ ತೋಟಗಳ ಸಮೀಕ್ಷೆ ಕೊಡುತ್ತೇವೆ ಎಂದಿದ್ದವರು ಫೋನ್ ಎತ್ತುವುದನ್ನೇ ಬಿಟ್ಟರು. ಡ್ರೋನಿನ ಸಾಲದ ಕಂತು ಮಾತ್ರ ತಪ್ಪದೆ ಬರುತ್ತಿತ್ತು.

ಕಾನೂನು ಆಮೇಲೆ ಓದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಅದು ಹೆಚ್ಚಾಗಿ ಸರ್ಕಾರವನ್ನು ಹಿಡಿದು ಕೇಳುವ ಹಕ್ಕು. ನೆರೆಯವನ ಡ್ರೋನಿಗೆ ಬಂದರೆ, ಹೆಂಗಸರನ್ನು ಕದ್ದು ನೋಡಿ ಚಿತ್ರ ತೆಗೆಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್, ಯಾರದೇ ಆಗಲಿ ಗುಪ್ತಾಂಗದ ಚಿತ್ರ ಒಪ್ಪಿಗೆ ಇಲ್ಲದೆ ತೆಗೆಯುವುದಕ್ಕೆ ಅಥವಾ ಹಂಚುವುದಕ್ಕೆ ಐಟಿ ಕಾಯ್ದೆಯ 66ಇ. ಎರಡೂ ಬೇಕಾದ ಕಾನೂನುಗಳೇ, ಆದರೆ ಎರಡರಲ್ಲೂ ಅಡಿಕೆ ಅಂಗಳ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇನ್ನೂ ಹಂತಹಂತವಾಗಿ ಜಾರಿಗೆ ಬರುತ್ತಿದೆ, ಅದರ ನಿಯಮಗಳು ಬಂದದ್ದೇ 2025ರ ನವೆಂಬರಿನಲ್ಲಿ. ಮನೆಮಟ್ಟಿನ ಸ್ವಂತ ಬಳಕೆಗೆ ಅದರಲ್ಲಿ ವಿನಾಯಿತಿ ಇದೆ, ದುಡ್ಡಿಗೆ ಕೆಲಸ ಮಾಡುವ ನಿಮಗೆ ನನಗೆ ಇಲ್ಲ.

‘ಅಷ್ಟು ಮೇಲಿನಿಂದ ಮುಖ ಕಾಣುವುದಿಲ್ಲ, ಮತ್ತೆ ವೈಯಕ್ತಿಕ ಹೇಗೆ?’ ಎಂದು ನಾನೂ ವಾದಿಸಿದ್ದೆ. ನನ್ನ ಕ್ಯಾಮೆರಾದಲ್ಲಿ 60 ಮೀಟರಿನಿಂದ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಎರಡು ಸೆಂಟಿಮೀಟರಿಗೂ ಕಡಿಮೆ. ಮುಖ ಕಾಣುವುದಿಲ್ಲ, ಬಕೆಟ್ ಕಾಣುತ್ತದೆ, ತಂತಿ ಮೇಲಿನ ಸೀರೆ ಕಾಣುತ್ತದೆ. ಮೇಲಾಗಿ ಪ್ರತಿ ಫೋಟೋದ ಒಳಗೆ ಜಿಪಿಎಸ್ ಬರೆದಿರುತ್ತದೆ. ಆ ಜಾಗವನ್ನು ರಾಜ್ಯ ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಒತ್ತಿದರೆ ಸರ್ವೆ ನಂಬರ್, ಸರ್ವೆ ನಂಬರಿನಿಂದ ಪಹಣಿ, ಪಹಣಿಯಲ್ಲಿ ಹೆಸರು. ಮುಖ ಯಾರಿಗೆ ಬೇಕು?

ಇದರಿಂದ ಡ್ರೋನ್ ಎಂದರೇ ಹಳ್ಳಿಯವರಿಗೆ ಆಗುವುದಿಲ್ಲ ಎಂದುಕೊಳ್ಳಬೇಡಿ. ಹಳ್ಳಿ ಮನೆಗಳಿಗೆ ಆಸ್ತಿ ಪತ್ರ ಕೊಡುವ ಕೇಂದ್ರದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾದವರು ಊರೊಳಗಿನ ಮನೆಗಳ ಮೇಲೆಯೇ ಹಾರಿಸುತ್ತಾರೆ. ಮೊದಲೇ ಊರಿಗೆ ತಿಳಿಸಿರುತ್ತಾರೆ, ಜಾಗದ ಗಡಿಗೆ ಸುಣ್ಣದ ಗೆರೆ ಎಳೆದಿರುತ್ತದೆ. ಎಲ್ಲಿವರೆಗೆ ತನ್ನದು ಎಂದು ತೋರಿಸಲು ಜನರೇ ಮುಂದೆ ನಿಲ್ಲುತ್ತಾರೆ. ನಾನು ಹಾರಿಸುವ ಮುಂಚೆ ನಾಲ್ಕೂ ದಿಕ್ಕಿನ ನೆರೆಯವರಿಗೆ ಹೇಳಿರಲಿಲ್ಲ.

ಈಗ ಹಿಂದಿನ ದಿನವೇ ನಾನೇ ಹೋಗಿ ಹೇಳುತ್ತೇನೆ, ಗಿರಾಕಿಯ ಬಾಯಲ್ಲಿ ಹೇಳಿಸುವುದಿಲ್ಲ, ಯಾಕೆಂದರೆ ಬೇಲಿ ತಕರಾರು ಇರುವುದು ಅವರಿಬ್ಬರ ನಡುವೆಯೇ. ಯಾರಾದರೂ ಬೇಡ ಎಂದರೆ ಆ ಕಡೆಯ ಹೆಚ್ಚಿನ ಸಾಲು ಬಿಡುತ್ತೇನೆ, ಆ ಅಂಚು ಸೊಟ್ಟಗಾಗುತ್ತದೆ ಎಂದು ಗಿರಾಕಿಗೆ ಮೊದಲೇ ಹೇಳಿರುತ್ತೇನೆ. ಕೊಡುವುದು ಗಡಿಗೆ ಕತ್ತರಿಸಿದ ನಕ್ಷೆ ಮಾತ್ರ. ಮೂಲ ಫೋಟೋ ಕೊಡುವುದಿಲ್ಲ, ಲೆಕ್ಕ ಚುಕ್ತಾ ಆದ ಮೇಲೆ ಅಳಿಸುತ್ತೇನೆ ಎಂದು ಒಂದು ಪುಟದ ಕರಾರಿನಲ್ಲೇ ಬರೆದಿದೆ. ಇದರಿಂದ ಗಿರಾಕಿ ತಪ್ಪಿದ್ದೂ ಇದೆ. ಪಕ್ಕದವರದ್ದು ನೋಡಲಿಕ್ಕೆಂದೇ ಡ್ರೋನ್ ಕರೆಸುವವರು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಜನ ಇದ್ದಾರೆ, ಅವರೆಲ್ಲ ಕರಾರು ನೋಡಿ ಆಮೇಲೆ ಹೇಳುತ್ತೇವೆ ಎನ್ನುತ್ತಾರೆ.

ಇನ್ನು ನಿಮ್ಮ 250 ಗ್ರಾಂ. ಅಷ್ಟು ತೂಕದವರೆಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ, ನಿಜ. ಅದರ ಮೇಲಿನ ಎರಡು ಕಿಲೋವರೆಗಿನ ಮೈಕ್ರೋ ಡ್ರೋನಿಗೂ ಸ್ವಂತ ಖುಷಿಗಾದರೆ ಬೇಡ, ದುಡ್ಡಿನ ಕೆಲಸಕ್ಕಾದರೆ ಬೇಕು. ವಲಯದ ನಿಯಮ ಮಾತ್ರ ತೂಕ ನೋಡುವುದಿಲ್ಲ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಶಿವಮೊಗ್ಗದ ಸುತ್ತ ವಲಯದ ಬಣ್ಣವೇ ಬದಲಾಗಿದೆ, ನಿಲ್ದಾಣದಿಂದ 8ರಿಂದ 12 ಕಿ.ಮೀ. ನಡುವೆ ಅನುಮತಿ ಇಲ್ಲದೆ 200 ಅಡಿವರೆಗೆ ಮಾತ್ರ. ಶರಾವತಿ ಅಭಯಾರಣ್ಯದ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬ್ಯಾಗ್ ಬಿಚ್ಚಲೇಬೇಡಿ. ಕೋರ್ಸ್ ಮಾಡಿ ಎಂದೇ ನನ್ನ ಅಭಿಪ್ರಾಯ, ಅದೂ ಡ್ರೋನ್ ಕೊಳ್ಳುವ ಮೊದಲು. ಠಾಣೆಯಲ್ಲಿ ಅವತ್ತು ನನ್ನನ್ನು ಕೂರಿಸಿ ಮಾತಾಡಿಸಿದ್ದು ಆ ಕಾಗದ ಇದ್ದದ್ದಕ್ಕೆ. ಆದರೆ ಆ ಕಾಗದ ಹೇಳುವುದು ನಿಮಗೆ ಹಾರಿಸಲು ಬರುತ್ತದೆ ಎಂದಷ್ಟೇ. ಬೇಲಿಯಾಚೆ ನೋಡಬಹುದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ವಿಮೆಯೂ ಅಷ್ಟೇ. ಡ್ರೋನ್ ಯಾರದೋ ಹಂಚಿನ ಮೇಲೆ ಬಿದ್ದರೆ ಅದು ಕೊಡುತ್ತದೆ, ನಿಮ್ಮ ಕ್ಯಾಮೆರಾ ಕಂಡದ್ದಕ್ಕೆ ಕೊಡುವುದಿಲ್ಲ.

ಮದುವೆ ಕೆಲಸ ನಾನು ಬಿಟ್ಟಿದ್ದೇನೆ, ಹಾಗಾಗಿ ದರ ಎಷ್ಟು ಹೇಳಬೇಕೆಂದು ನನ್ನನ್ನು ಕೇಳಬೇಡಿ. ಊಟದ ಪಂಕ್ತಿಯ ಮೇಲೆ ಮಾತ್ರ ಹಾರಿಸಬೇಡಿ. ಎಲೆ ಹಾರುತ್ತದೆ, ಬೈಯುತ್ತಾರೆ.