ಬಿ.ಎಡ್. ಇಂಟರ್ನ್‌ಶಿಪ್‌ಗೆ ಯಾವ ಹೊಸ ಬೋಧನಾ ವಿಧಾನ ಆರಿಸಿಕೊಳ್ಳಲಿ?

ಮುಂದಿನ ತಿಂಗಳು ಬೆಂಗಳೂರಿನ ಒಂದು ಸರ್ಕಾರಿ ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದೀರಿ, ಆರನೇ ತರಗತಿಗೆ ವಿಜ್ಞಾನ, ಕಾಲೇಜಿನಲ್ಲಿ 'ನವೀನ ವಿಧಾನ ಬಳಸಿ' ಅಂತ ಹೇಳಿದ್ದಾರೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ವಿಧಾನ ಆಮೇಲೆ ನೋಡಿಕೊಳ್ಳಿ. ಆ ಪಾಠದ ಬಗ್ಗೆ ಮಕ್ಕಳು ಈಗಾಗಲೇ ಏನು ಅಂದುಕೊಂಡಿದ್ದಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ನಾನು ಇದನ್ನು ಎಡವಿ ಕಲಿತೆ.

ನನ್ನ ಇಂಟರ್ನ್‌ಶಿಪ್‌ನಲ್ಲಿ ನನಗೆ ಜಲಚಕ್ರದ ಪಾಠ ಬಂದಿತ್ತು. ಅವೆನ್ಯೂ ರಸ್ತೆಯಿಂದ ಚಾರ್ಟ್, ಬಣ್ಣ ಎಲ್ಲ ತಂದು ಎರಡು ರಾತ್ರಿ ಕೂತು ಮಾಡೆಲ್ ಮಾಡಿದೆ. ಹತ್ತಿಯ ಮೋಡ, ಗ್ಲೇಜ್ ಪೇಪರ್ ಕೆರೆ, ಥರ್ಮಾಕೋಲ್ ಬೆಟ್ಟ. 5ಇ ಮಾದರಿಯಲ್ಲಿ, ಅಂದರೆ ತೊಡಗಿಸುವುದು, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಅನ್ನುವ ಐದು ಹಂತಗಳಲ್ಲಿ, ಪಾಠ ಯೋಜನೆ ಬರೆದೆ. ಕೊನೆಯಲ್ಲಿ 'ಸಾಂದ್ರೀಕರಣ ಎಂದರೇನು?' ಅಂದರೆ 'ನೀರಾವಿ ತಂಪಾಗಿ ನೀರಾಗುವುದು' ಅಂತ ಇಡೀ ತರಗತಿ ರಾಗವಾಗಿ ಒಪ್ಪಿಸಿತು. ಹಿಂದೆ ಕೂತಿದ್ದ ಮೇಲ್ವಿಚಾರಕರು ಒಳ್ಳೆ ಅಂಕ ಕೊಟ್ಟರು.

ಮರುದಿನ ಒಂದು ಪೀರಿಯಡ್ ಖಾಲಿ ಸಿಕ್ಕಿತು. ಪಕ್ಕದ ಜ್ಯೂಸ್ ಅಂಗಡಿಯಿಂದ ಐಸ್ ತಂದು ಸ್ಟೀಲ್ ಲೋಟಕ್ಕೆ ಹಾಕಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಗೆಲ್ಲ ಹನಿ. ಇದು ಎಲ್ಲಿಂದ ಬಂತು ಅಂದೆ. ಹಿಂದಿನ ದಿನ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ ಹುಡುಗಿಯೇ ಹೇಳಿದಳು, "ಒಳಗಿಂದ ಒಸರಿದ್ದು ಮಿಸ್." ಅರ್ಧ ತರಗತಿ ಹೂಂ ಅಂದಿತು.

ಹೊಟ್ಟೆ ಉರಿಯಿತು, ಎರಡು ರಾತ್ರಿಯ ನಿದ್ದೆ ಅಲ್ವಾ! ಆದರೂ ಯಾಕೆ ಹಾಗನ್ನಿಸಿತು ಅಂತ ಕೇಳಿದೆ. "ನಮ್ಮನೇಲಿ ಮಣ್ಣಿನ ಮಡಕೆ ಇದೆ ಮಿಸ್, ಅದೂ ಹಿಂಗೇ ಬೆವರುತ್ತೆ." ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಮಡಕೆ ನಿಜವಾಗಿಯೂ ಒಸರುತ್ತದೆ. ಮಣ್ಣಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ಹೊರಗೆ ಬಂದ ನೀರು ಆರುವುದರಿಂದಲೇ ಒಳಗಿನ ನೀರು ತಣ್ಣಗಾಗುವುದು. ಅವಳು ದಿನಾ ಕಣ್ಣಾರೆ ಕಂಡದ್ದನ್ನೇ ಸ್ಟೀಲ್ ಲೋಟಕ್ಕೂ ಹಚ್ಚಿದ್ದಳು. ನನ್ನ ಹತ್ತಿ ಮೋಡ ಆ ಮಡಕೆಯ ತಂಟೆಗೇ ಹೋಗಿರಲಿಲ್ಲ. ಮಗು ಖಾಲಿ ಪಾತ್ರೆ ಅಲ್ಲ ಅಂತ ನಾನು ನೋಟ್ಸ್‌ನಲ್ಲಿ ಬರೆದುಕೊಂಡು ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಸರಿ, ಒಸರಿದ್ದೋ ಅಲ್ಲವೋ ಹೇಗೆ ಕಂಡುಹಿಡಿಯೋದು ಅಂತ ಕೇಳಿ ಸುಮ್ನೆ ನಿಂತೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ, ಮನೆಯಲ್ಲಿ ತಮಿಳು, ತರಗತಿಯಲ್ಲಿ ಬಾಯಿ ಬಿಟ್ಟಿದ್ದೇ ಕಡಿಮೆ, "ಇಂಕ್ ಹಾಕಿ ಮಿಸ್" ಅಂದ. ಹಾಕಿದೆವು. ಹೊರಗಿನ ಹನಿಯನ್ನು ಬಿಳಿ ಕರ್ಚೀಫಿನಿಂದ ಒರೆಸಿದರೆ ಕಲೆಯೇ ಇಲ್ಲ. ಮೇಲಿಂದ ಹಾರಿ ಬಂದಿರಬಹುದು ಅಂತ ಇನ್ನೊಬ್ಬಳ ತಕರಾರು. ತಟ್ಟೆ ಮುಚ್ಚಿದೆವು, ಆಗಲೂ ಹನಿ ಬಂತು. ಐಸ್ ಇಲ್ಲದೆ ಬರೀ ನಲ್ಲಿ ನೀರು ತುಂಬಿಟ್ಟ ಲೋಟ ಮಾತ್ರ ಒಣಗಿಯೇ ಇತ್ತು. ಹಾಗಾದರೆ ಗಾಳಿಯಿಂದಲೇ ಬಂತಾ ಅಂತ ಅವರವರಲ್ಲೇ ಜಗಳ ಶುರುವಾಯಿತು, ಬೆಲ್ ಹೊಡೆಯುವಾಗ ಒಬ್ಬ "ಗಾಳೀಲಿ ನೀರಿದ್ರೆ ನಮ್ ಬಟ್ಟೆ ಯಾಕೆ ಒದ್ದೆ ಆಗಲ್ಲ" ಅಂತ ಕೇಳಿಕೊಂಡೇ ಹೊರಗೆ ಹೋದ.

5ಇಗೆ ನಾನು ಬೈಯುತ್ತಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ವಿಜ್ಞಾನ ಪಾಠಕ್ಕೆಂದೇ ರೂಪಿಸಿದ ಮಾದರಿ ಅದು, ವಿವರಣೆಗಿಂತ ಮೊದಲು ಅನ್ವೇಷಣೆ ಬರಬೇಕು ಅನ್ನುವುದೇ ಅದರ ಜೀವ. ನಾನು ಮಾಡಿದ್ದು ಏನೆಂದರೆ ವಿವರಣೆಯನ್ನೇ ಐದು ಖಾನೆಗೆ ಹಂಚಿ ತುಂಬಿಸಿದ್ದು. ನಮ್ಮ ಬ್ಯಾಚಿನಲ್ಲಿ ಜಾಸ್ತಿ ಜನ ಮಾಡಿದ್ದೂ ಅದೇ.

ಸುಮ್ನೆ ನಿಂತೆ ಅಂದೆನಲ್ಲ, ಅದು ಹೇಳಿದಷ್ಟು ಸುಲಭ ಅಲ್ಲ. ಮೇರಿ ಬಡ್ ರೋ ಅನ್ನುವ ಸಂಶೋಧಕಿ ತರಗತಿಗಳ ರೆಕಾರ್ಡಿಂಗ್ ಕೇಳಿ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ 1 ಸೆಕೆಂಡಷ್ಟೇ ಕಾಯುತ್ತಾರೆ ಅಂತ 1970ರ ದಶಕದಲ್ಲೇ ತೋರಿಸಿದರು. 3 ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ, ಮೇಲ್ವಿಚಾರಕರು ಹಿಂದೆ ಕೂತಿದ್ದರೆ ಅದು ಮೂರು ನಿಮಿಷ ಅನ್ನಿಸುತ್ತದೆ.

ಪಾಠದ ಕೊನೆಗೆ ಎಲ್ಲರೂ ಉತ್ತರ ಹೇಳಿದರು ಅಂತ ಖುಷಿಪಡಬೇಡಿ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 5 ನಿಮಿಷ ಬಿಟ್ಟು ಕೇಳಿದಾಗ ಓದಿದ ಪಾಠವನ್ನೇ ಮತ್ತೆ ಓದಿದವರು ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದೆ. ಅದಕ್ಕೇ ನಾನು ಈಗ ಸೋಮವಾರದ ಮೊದಲ 5 ನಿಮಿಷ ಹೋದ ವಾರದ್ದನ್ನು ನೋಡದೇ ಬರೆಸುತ್ತೇನೆ. ಅಂಕ ಇಲ್ಲ, ಬೈಗುಳ ಇಲ್ಲ.

ನೀವು ಹೋಗುವ ಶಾಲೆಯಲ್ಲಿ ನಲಿ-ಕಲಿ, ಅಂದರೆ ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಇದ್ದರೆ ಒಂದು ದಿನ ಹೋಗಿ ಮೂಲೆಯಲ್ಲಿ ಕೂತು ನೋಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ಕಲಿಕಾ ಏಣಿಯ ಮೇಲೆ ಒಂದೊಂದು ಮಗು ಒಂದೊಂದು ಮೆಟ್ಟಿಲಲ್ಲಿರುತ್ತದೆ. ನಿಮ್ಮ ಆರನೇ ತರಗತಿಯೂ ಹಾಗೆಯೇ, ಏಣಿ ಕಾಣಿಸುವುದಿಲ್ಲ ಅಷ್ಟೆ.

ಇನ್ನು ಲೋಟದ ಪ್ರಯೋಗ ಮಾಡುವುದಾದರೆ ಸ್ಟೀಲಿನದೇ ಇರಲಿ. ಮಳೆಗಾಲದಲ್ಲಿ ಹನಿ ಬೇಗ ಬರುತ್ತದೆ, ಮಾರ್ಚಿನ ಒಣ ಮಧ್ಯಾಹ್ನ ಸ್ವಲ್ಪ ಕಾಯಬೇಕು. ಐಸ್ ಬೆಳಗ್ಗೆಯೇ ತಂದಿಡಬೇಡಿ, ಮೂರನೇ ಪೀರಿಯಡ್ ಹೊತ್ತಿಗೆ ನೀರಾಗಿರುತ್ತದೆ. ಹತ್ತಿರದ ಜ್ಯೂಸ್ ಅಂಗಡಿ ಎಲ್ಲಿದೆ ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.