‘ಯಾಲ್’ ಎಂದರೆ ನಮ್ಮ ‘ನೀವೆಲ್ಲ’

ಪ್ರಿಯರೇ,

‘ಇಂಗ್ಲಿಷಿನ ಹಳ್ಳಿ ಬಹುವಚನಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ಅದಕ್ಕಾಗಿಯೇ ಈ ಪತ್ರ.

ಅಮೆರಿಕದ ದಕ್ಷಿಣ ರಾಜ್ಯಗಳ ‘ಯಾಲ್’, ಪಿಟ್ಸ್‌ಬರ್ಗಿನ ‘ಯಿನ್ಜ್’, ಡಬ್ಲಿನ್, ಲಿವರ್‌ಪೂಲ್, ಗ್ಲಾಸ್ಗೋಗಳ ‘ಯೂಜ್’, ಹೀಗೆ ಎದುರಿಗಿರುವ ಹಲವರನ್ನು ಕರೆಯುವ ಪದಗಳೆಲ್ಲವನ್ನೂ ನೀವು ‘ಓದುಬರಹವಿಲ್ಲದವರ ಕೆಟ್ಟ ಇಂಗ್ಲಿಷ್’ ಎಂದು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೀರಿ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ನೀವು ದಿನವೂ ಆಡುವ ಕನ್ನಡವನ್ನೇ ಕೇಳಿಸಿಕೊಳ್ಳಿ. ಹಿರಿಯರೊಬ್ಬರನ್ನು ‘ನೀವು ಊಟಕ್ಕೆ ಬನ್ನಿ’ ಎಂದು ಕರೆಯುತ್ತೀರಿ. ಅವರ ಮನೆಮಂದಿಯೂ ಬರಬೇಕೆಂದಿದ್ದರೆ ‘ನೀವೆಲ್ಲ ಬನ್ನಿ’ ಎನ್ನುತ್ತೀರಿ. ಬಹುವಚನವನ್ನು ಗೌರವಕ್ಕೆ ಕೊಟ್ಟುಬಿಟ್ಟ ಮೇಲೆ ಹಲವರನ್ನು ಕರೆಯಲು ಬೇರೆ ಗುರುತು ಬೇಕಾಯಿತು, ಅಷ್ಟೆ.

ಇಂಗ್ಲಿಷಿನ ಕಥೆಯೂ ಇದೇ, ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಹಿಂದೆ ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’ ಮತ್ತು ‘ಯೂ’ ಇದ್ದವು. ಮರ್ಯಾದೆಗೆಂದು ಒಬ್ಬರಿಗೂ ‘ಯೂ’ ಎನ್ನುವ ರೂಢಿ ಬೆಳೆಯುತ್ತ ಬೆಳೆಯುತ್ತ, 17ನೆಯ ಶತಮಾನ ಮುಗಿಯುವಷ್ಟರಲ್ಲಿ ಶಿಷ್ಟರ ಮಾತಿನಿಂದ ‘ದೌ’ ಬಹುಮಟ್ಟಿಗೆ ಮರೆಯಾಯಿತು. ನಮ್ಮಲ್ಲಿ ‘ನೀನು’ ಅಳಿದು, ಮಗುವಿಗೂ ದೇವರಿಗೂ ‘ನೀವು’ ಎನ್ನಬೇಕಾಗಿ ಬಂದರೆ ಹೇಗಿರುತ್ತದೆ, ಯೋಚಿಸಿ. ಆ ತೆರವನ್ನು ತುಂಬಿದವರು ಊರೂರಿನ ಜನ. ‘ಯೂ ಆಲ್’ ಕೂಡಿ ‘ಯಾಲ್’ ಆಯಿತು, ಅಚ್ಚುಕಟ್ಟಾದ ‘ನೀವೆಲ್ಲ’. ‘ಯೂ’ಗೆ ಬಹುವಚನದ ‘ಎಸ್’ ಹತ್ತಿ ‘ಯೂಜ್’ ಆಯಿತು. ನಮ್ಮ ಭಾಷಣಕಾರರ ‘ನೀವುಗಳು’ ಇದ್ದಂತೆ. ‘ಯೂ ವನ್ಸ್’ ಸವೆದು ‘ಯಿನ್ಜ್’ ಆಯಿತು; 18ನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರ ಭಾಗದ ಅಲ್ಸ್ಟರ್‌ನಿಂದ ಪಿಟ್ಸ್‌ಬರ್ಗ್ ಇರುವ ಪಶ್ಚಿಮ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದವರ ಮಾತಿನಲ್ಲಿ ಅದರ ಬೇರಿದೆ. ಇನ್ನು ಐರ್ಲೆಂಡಿನವರ ಸ್ವಂತ ನುಡಿಯಲ್ಲಿ ಒಬ್ಬರಿಗೆ ‘ತೂ’, ಹಲವರಿಗೆ ‘ಶಿವ್’. ಆ ಭೇದಕ್ಕೆ ಪಳಗಿದ ನಾಲಿಗೆ ಇಂಗ್ಲಿಷ್ ಕಲಿತಾಗ ಒಂದೇ ‘ಯೂ’ ಸಾಕೆಂದು ಹೇಗೆ ಸುಮ್ಮನಿದ್ದೀತು? ಇದರಲ್ಲಿ ಅಜ್ಞಾನ ಎಲ್ಲಿದೆ? ಅಮೆರಿಕದ ದಕ್ಷಿಣದಲ್ಲಿ ಪ್ರಾಧ್ಯಾಪಕರೂ ‘ಯಾಲ್’ ಎನ್ನುತ್ತಾರೆ.

ಒಂದು ತಪ್ಪನ್ನು ತಿದ್ದಲೇಬೇಕು. ಚರ್ಚಿನ ಪ್ರಾರ್ಥನೆಯಲ್ಲಿ ಬರುತ್ತದೆಂಬ ಕಾರಣಕ್ಕೆ ‘ದೌ’ ಗೌರವಸೂಚಕವೆಂದು ಬರೆದಿದ್ದೀರಿ. ನಿಜ ಅದಕ್ಕೆ ತದ್ವಿರುದ್ಧ. ಬಸವಣ್ಣನವರು ಕೂಡಲಸಂಗಮನನ್ನು ‘ನೀನು’ ಎಂದ ಹಾಗೆ, ಅದು ಸಲುಗೆಯ ಏಕವಚನ. ಸಲುಗೆ ಇಲ್ಲದ ಕಡೆ ಅದೇ ಪದ ಬೈಗುಳವಾಗುತ್ತಿತ್ತು. 1603ರಲ್ಲಿ ಇಂಗ್ಲೆಂಡಿನ ನಾವಿಕ, ಕವಿ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ವಕೀಲ ಎಡ್ವರ್ಡ್ ಕೋಕ್ ಅವನನ್ನು ಬೇಕೆಂದೇ ‘ದೌ’ ಎಂದ. ಹಾಗೆ ಕರೆಯುತ್ತಿದ್ದೇನೆಂದು ಒತ್ತಿ ಹೇಳಿದ ಕೂಡ. ಏಕವಚನದಲ್ಲಿ ಮಾತನಾಡಿಸಿದರೆಂದು ಇಂದಿಗೂ ಜಗಳ ನಡೆಯುವ ನಾಡಿನ ಓದುಗರಿಗೆ ಆ ಏಟಿನ ಬಿಸಿಯನ್ನು ವಿವರಿಸಬೇಕಾಗಿಲ್ಲ. ನಿಮ್ಮ ಎರಡು ಪುಟದ ವ್ಯಾಕರಣ ಮಾಡದ ಕೆಲಸವನ್ನು ಈ ಒಂದು ಪ್ರಸಂಗ ಮಾಡುತ್ತದೆ.

ಈಗ ಬರವಣಿಗೆಯ ಮಾತು. ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ‘ಭಾಷೆ ಹರಿಯುವ ನದಿ’ ಎಂಬ ವಾಕ್ಯವನ್ನು ನಾನು ವಾರಕ್ಕೊಮ್ಮೆಯಾದರೂ ಓದುತ್ತೇನೆ. ಕೊನೆಯ ಪದಪಟ್ಟಿಯೂ ಬೇಡ. ಅದನ್ನು ಯಾರು ಬೇಕಾದರೂ ಮಾಡಬಲ್ಲರು. ನೀವು ಮಾತ್ರ ಬರೆಯಬಲ್ಲದ್ದು ಐದನೆಯ ಪುಟದಲ್ಲಿ ಅಡಗಿದೆ: ಪಿಟ್ಸ್‌ಬರ್ಗಿನ ದಿನಸಿ ಅಂಗಡಿಯಲ್ಲಿ ಹಣ ಪಡೆಯುವ ಹೆಂಗಸು ನಿಮ್ಮನ್ನೂ ನಿಮ್ಮ ತಾಯಿಯವರನ್ನೂ ನೋಡಿ ‘ಯಿನ್ಜ್‌ಗೆ ಚೀಲ ಬೇಕೇ’ ಎಂದು ಕೇಳಿದ್ದು. ಶಾಲೆಯ ಇಂಗ್ಲಿಷನ್ನಷ್ಟೇ ಬಲ್ಲ ತಾಯಿಯವರಿಗೆ ಅದು ತಮ್ಮನ್ನೂ ಸೇರಿಸಿ ಕೇಳಿದ್ದೆಂದು ಥಟ್ಟನೆ ತಿಳಿಯಿತು ಎಂದಿದ್ದೀರಿ. ಇಷ್ಟು ಒಳ್ಳೆಯ ಗಳಿಗೆಗೆ ಒಂದೇ ಸಾಲು ಕೊಟ್ಟು ಮತ್ತೆ ಸರ್ವನಾಮಗಳ ಕೋಷ್ಟಕಕ್ಕೆ ಓಡಿಹೋಗಿದ್ದೀರಿ. ಓದುತ್ತ ನನಗೆ ನಿಜವಾಗಿಯೂ ಸಂಕಟವಾಯಿತು.

ಅಲ್ಲಿಂದಲೇ ಶುರುಮಾಡಿ, ಸಾವಿರ ಪದಗಳೊಳಗೆ ಬರೆದು ಮತ್ತೆ ಕಳುಹಿಸಿ. ತಾಯಿಯವರು ಆ ಹೆಂಗಸಿಗೆ ಏನು ಉತ್ತರಿಸಿದರು ಎಂಬುದು ಲೇಖನದಲ್ಲಿಲ್ಲ. ಅದನ್ನು ತಪ್ಪದೆ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ